ಯಾವುದಾದರೂ ಆಗುತ್ತೆ

ಶನಿವಾರ ಸಂಜೆ ಐದರೊಳಗೆ ಎರಡರಲ್ಲಿ ಒಂದು ಕೋರ್ಸು ಆರಿಸಿಕೊಳ್ಳಬೇಕಾಗಿತ್ತು. ಎರಡೇ ಎರಡು, ಇಪ್ಪತ್ತಲ್ಲ. ಆದರೂ ಅಶ್ವಿನಿ ಹದಿನೈದು ದಿನದಿಂದ ಅವೆರಡನ್ನೇ ಕಾವಲಿಯ ಮೇಲಿನ ರೊಟ್ಟಿಯ ಹಾಗೆ ಮಗುಚಿ ಮಗುಚಿ ನೋಡುತ್ತಿದ್ದಳು. ಒಂದು, ಮನೆಯಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ನೋಡುವ ರಿವಿಷನ್ ಕೋರ್ಸು. ಅದರ ಮೇಷ್ಟರದು ಮೆತ್ತಗಿನ ದನಿ. ಅರ್ಥವಾಗದಿದ್ದರೆ ನಿಲ್ಲಿಸಿ ಮತ್ತೆ ಕೇಳಬಹುದು, ಯಾರ ಮುಖವನ್ನೂ ನೋಡಬೇಕಾಗಿಲ್ಲ. ಇನ್ನೊಂದು ಶಿವಮೊಗ್ಗದ ರಿವಿಷನ್ ಬ್ಯಾಚು. ಅಲ್ಲಿ ಹಾಸ್ಟೆಲ್ಲಿನಲ್ಲಿದ್ದು ಎರಡು ತಿಂಗಳು ಓದಬೇಕು, ಪ್ರತಿ ಭಾನುವಾರ ಮೂರು ಗಂಟೆಯ ಪರೀಕ್ಷೆ, ಸೋಮವಾರ ಕೆಂಪು ಇಂಕಿನಲ್ಲಿ ತಿದ್ದಿದ ಉತ್ತರಪತ್ರಿಕೆ ಎಲ್ಲರೆದುರಿಗೆ ಕೈಗೆ. ಸಿಎ ಇಂಟರ್‌ನ ಎರಡನೆಯ ಗ್ರೂಪು ಅವಳಿಗೆ ನಾಲ್ಕು ಸಲ ಕೈಕೊಟ್ಟಿತ್ತು. ಮೂರು ಪೇಪರುಗಳ ಪೈಕಿ ಆಡಿಟಿಂಗಿನಲ್ಲಿ ಮಾತ್ರ ಹೋದ ಜನವರಿಯಲ್ಲಿ ಅರವತ್ತಮೂರು ಬಂದಿತ್ತು. ಅರವತ್ತು ಮುಟ್ಟಿದ ಪೇಪರನ್ನು ಮುಂದಿನ ಮೂರು ಸಲ ಬರೆಯಬೇಕಾಗಿಲ್ಲ ಎಂದು ನಿಯಮ. ಆ ಮೂರರಲ್ಲಿ ಮೇ ತಿಂಗಳಿನದು ಒಂದು, ಸೆಪ್ಟೆಂಬರಿನದು ಒಂದು, ಎರಡು ಆಗಲೇ ಕಳೆದುಹೋಗಿದ್ದವು; ಬರುವ ಜನವರಿಯದು ಕೊನೆಯದು. ಅದೂ ಹೋದರೆ ಆಡಿಟಿಂಗೂ ಮತ್ತೆ ಮೊದಲಿನಿಂದ, ಎಲ್ಲವೂ ಮೊದಲಿನಿಂದ, ಮತ್ತು ಮೊದಲಿನಿಂದ ಶುರುಮಾಡುವ ಶಕ್ತಿ ತನ್ನಲ್ಲಿಲ್ಲ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ವಯಸ್ಸು ಇಪ್ಪತ್ತಾರು ನಡೆಯುತ್ತಿತ್ತು.

ಕಡೂರಿನಲ್ಲಿ ಆಡಿಟರ್ ಶಿವಪ್ರಸಾದರ ಆಫೀಸು ಶನಿವಾರ ಅರ್ಧ ದಿನ. ಆರ್ಟಿಕಲ್‌ಶಿಪ್ಪಿನ ತರಬೇತಿಯ ವರ್ಷಗಳು ಮುಗಿದ ಮೇಲೂ ಅವಳು ಅಲ್ಲೇ ಅಸಿಸ್ಟೆಂಟ್ ಎಂದು ಉಳಿದುಕೊಂಡಿದ್ದಳು. ಅಜ್ಜಂಪುರದಿಂದ ಬೆಳಗ್ಗೆ ಬಂದು ಸಂಜೆ ಹೋಗುವುದು. ಅವಳ ಮೇಜಿನ ಎದುರಿಗೆ ಹಿಂದೆ ಹೇಮಂತ್ ಕೂರುತ್ತಿದ್ದ. ಅವಳಿಗಿಂತ ಎರಡು ವರ್ಷ ಕಿರಿಯ, ಸೇರಿದ ಹೊಸದರಲ್ಲಿ ಚಲನ್ ತುಂಬುವುದನ್ನು ಅವಳೇ ಕಲಿಸಿದ್ದಳು. ಈಗ ಅವನು ಪಾಸಾಗಿ ಗಾಜಿನ ಬಾಗಿಲಿನ ಒಳಗೆ ಹೋಗಿದ್ದ, ಶಿವಪ್ರಸಾದರು ಅವನನ್ನು ಬಹುವಚನದಲ್ಲಿ ಕರೆಯತೊಡಗಿದ್ದರು. "ಅಶ್ವಿನಿ, ಹೇಮಂತ್ ಸಾರ್‌ಗೂ ಒಂದು ಟೀ ಹೇಳಮ್ಮ," ಎಂದು ಇವತ್ತೂ ಅಂದಿದ್ದರು, ಒಳ್ಳೆಯ ಮನಸ್ಸಿನಿಂದಲೇ. ಅವಳು ಹೇಳಿದಳು. ಟೀ ಬಂದಾಗ ಹೇಮಂತ್ "ಥ್ಯಾಂಕ್ಸ್ ಅಕ್ಕ" ಅಂದ. ಆ 'ಅಕ್ಕ' ಮೊದಲೂ ಇತ್ತು, ಆದರೆ ಮೊದಲು ಅದರಲ್ಲಿ ಸಲಿಗೆ ಇತ್ತು, ಈಗ ಕರುಣೆ ಇತ್ತು, ಅಥವಾ ಇಲ್ಲದಿರುವ ಕರುಣೆ ಅವಳ ಕಿವಿಗೆ ಕೇಳುತ್ತಿತ್ತು. ಕೊಬ್ಬರಿ ವ್ಯಾಪಾರದವರೊಬ್ಬರು ಫೈಲು ಕೊಡಲು ಬಂದವರು ಕೂರದೆ ನಿಂತೇ, "ಏನಮ್ಮ, ಇನ್ನೂ ನಡೀತಾನೇ ಇದೆಯಾ ಓದು?" ಎಂದು ಕೇಳಿದರು. "ನಡೀತಿದೆ ಸಾರ್," ಅಂದಳು. "ಓದು, ಓದು, ಒಳ್ಳೇದು," ಅಂದರು, ರಸ್ತೆಯಲ್ಲಿ ಸಿಕ್ಕಿದವರ ಕಾಯಿಲೆಯ ಬಗ್ಗೆ ಮಾತಾಡಿ ಮುಗಿಸುವ ದನಿಯಲ್ಲಿ.

ಇದನ್ನೆಲ್ಲ ಅವಳು ತಡೆದುಕೊಳ್ಳುತ್ತಿದ್ದಳು, ಯಾಕೆಂದರೆ ಅಪ್ಪ ಇದ್ದರು. ಅಪ್ಪ ತೀರ್ಥಪ್ಪ ಅಜ್ಜಂಪುರದಲ್ಲಿ ಈರುಳ್ಳಿ ಮಂಡಿಯವರು. ಮೂಟೆಯ ಬಾಯಿ ಬಿಚ್ಚದೆ ಗೋಣಿಯ ಮೇಲೆ ಕೈಯಾಡಿಸಿಯೇ ಒಳಗೆ ಎಷ್ಟು ಕೊಳೆತಿದೆ ಎಂದು ಹೇಳುವ ಮನುಷ್ಯ, ರೈತರ ಜೊತೆಗಾಗಲಿ ಲಾರಿಯವರ ಜೊತೆಗಾಗಲಿ ಒಂದು ಮಾತನ್ನೂ ಸುಮ್ಮನೆ ಬಿಟ್ಟುಕೊಡದ ಮನುಷ್ಯ, ಅವಳ ಓದಿನ ವಿಷಯದಲ್ಲಿ ಮಾತ್ರ ಮೇಣವಾಗಿಬಿಡುತ್ತಿದ್ದರು. ಬೆಳಗ್ಗೆ ಕಡೂರಿನಲ್ಲಿ ಬಸ್ಸಿಳಿದು ಆಫೀಸಿಗೆ ನಡೆಯುತ್ತಲೇ ಅವಳು ಫೋನು ಮಾಡಿದ್ದಳು.

"ಅಪ್ಪಾಜಿ, ಇವತ್ತೇ ಕಡೇ ದಿನ. ಯಾವ್ದು ತಗಳ್ಲಿ ಹೇಳಿ."

"ಯಾವುದಾದ್ರೂ ಆಗುತ್ತೆ ಕಣಮ್ಮ. ನಿನ್ನಿಷ್ಟ."

"ನೀವೊಂದು ಹೇಳಿ ಅಂದ್ರೆ."

"ನಾನೇನ್ ಹೇಳ್ಲಿ. ಯಾವುದಾದ್ರೂ ಒಂದೇ. ನಿಂಗೆ ಯಾವ್ದು ಹಿತವೋ ಅದನ್ನ ತಗ. ಊಟ ಮಾಡಿದ್ಯಾ?"

ಈ ಮಾತನ್ನು ಅವಳು ಆಫೀಸಿನಲ್ಲಿ ಎಷ್ಟು ಸಲ ಹೇಳಿಕೊಂಡು ಮೆರೆದಿದ್ದಳೋ. ಬೇರೆ ಹುಡುಗಿಯರ ಅಪ್ಪಂದಿರು ಡೆಮೊ ಲೆಕ್ಚರುಗಳನ್ನು ತಾವೇ ಕೂತು ನೋಡಿ, ಪಾಸಾದವರ ಲೆಕ್ಕ ಕೇಳಿ, ಮೇಷ್ಟರಿಗೆ ಫೋನು ಹಚ್ಚಿ ಪ್ರಾಣ ತೆಗೆಯುತ್ತಿದ್ದರು. ತನ್ನಪ್ಪ ಹಾಗಲ್ಲ, ತನಗೇ ಬಿಟ್ಟಿದ್ದಾರೆ. ನಾಲ್ಕು ಸಲ ಬಿದ್ದವಳನ್ನು ಇನ್ನೂ ನಂಬುವ ಒಬ್ಬರಿದ್ದಾರೆ ಎಂಬುದನ್ನು ಅವಳು ದುಪಟ್ಟಾದ ಹಾಗೆ ಮೈತುಂಬ ಹೊದ್ದು ಓಡಾಡುತ್ತಿದ್ದಳು.

ಹಾಗಾದರೆ ಶಿವಮೊಗ್ಗವೇ ಸರಿ ಎಂದು ಹೊರಡಬಹುದಿತ್ತಲ್ಲ, ಹೊರಡಲಾಗದಂತೆ ಹಿಡಿದುಕೊಂಡಿದ್ದದ್ದು ಒಂದು ಹೂವು. ಯುಗಾದಿಗೆ ಮುಂಚಿನ ಸೋಮವಾರ ಅದು. ಆಡಿಟಿಂಗಿನ ಅರವತ್ತಮೂರು ಬಂದು, ಮಿಕ್ಕೆರಡು ಪೇಪರಿನಲ್ಲಿ ಬಿದ್ದು, ಹೀಗೇ ಎರಡು ಕೋರ್ಸುಗಳ ಮಧ್ಯೆ ಅವಳು ಒದ್ದಾಡುತ್ತಿದ್ದಾಗ ಅಪ್ಪನೇ ಅಂದಿದ್ದರು, "ದೇವ್ರನ್ನೇ ಕೇಳಣ ಬಾ. ಬಲಕ್ಕೆ ಕೊಟ್ರೆ ಶಿವಮೊಗ್ಗ, ಎಡಕ್ಕೆ ಕೊಟ್ರೆ ಮನೇಲೇ ಓದು." ಊರಾಚೆಯ ವೀರಭದ್ರನ ಗುಡಿಗೆ ತರೀಕೆರೆಯಿಂದ ಅಪ್ಪನ ತಂಗಿ ಮಲ್ಲಿಕತ್ತೆಯೂ ಬಂದಿದ್ದಳು. ಅಯ್ಯನವರು ದೇವರ ಎರಡು ಭುಜಕ್ಕೂ ನೀರಲ್ಲಿ ಅದ್ದಿದ ಹೂ ಅಂಟಿಸಿ, ಮನಸ್ಸಿನಲ್ಲೇ ಕೇಳಿಕೊಳ್ಳಿ ಎಂದರು. ಅಪ್ಪ ಕೈಮುಗಿದು ಕಣ್ಣುಮುಚ್ಚಿ ತುಟಿಯಾಡಿಸಿದರು. ಬಿ.ಕಾಂ. ಓದಿ, ದಿನವೂ ಜನರ ಲೆಕ್ಕವನ್ನು ಅನುಮಾನಿಸುವುದೇ ಕೆಲಸವಾದ ತಾನು ಒಂದು ಹೂವಿನ ಮುಂದೆ ಹೀಗೆ ಉಸಿರು ಹಿಡಿದು ನಿಂತಿರುವುದಕ್ಕೆ ಅವಳಿಗೆ ನಾಚಿಕೆಯಾಗಿತ್ತು, ಆದರೂ ಉಸಿರು ಹಿಡಿದೇ ಇತ್ತು. ಎಡಗಡೆಯದು ಬಿತ್ತು. ಅಪ್ಪನ ಮುಖ ಇಳಿದುಹೋಯಿತು. ಮಗಳಿಗೆ ಆಸೆಯಿದ್ದದ್ದು ತಪ್ಪಿಹೋಯಿತಲ್ಲ ಎಂದು ಅವರಿಗೆ ನೋವಾಗಿದೆ ಎಂದುಕೊಂಡಳು. ಹೊರಗೆ ಬಂದ ಮೇಲೆ ಅವಳೇ ಅವರ ತೋಳು ಹಿಡಿದು, "ಬಿಡಿ ಅಪ್ಪಾಜಿ, ಮನೇಲೇ ಓದ್ತೀನಿ, ಅದ್ಕೇನಂತೆ," ಎಂದು ಸಮಾಧಾನ ಮಾಡಿದ್ದಳು. ಅವತ್ತಿನಿಂದ ಮನೆಯಲ್ಲೇ ಓದಿದಳು, ಎರಡು ಸಲ ಬರೆದಳು, ಎರಡು ಸಲವೂ ಕಾಸ್ಟಿಂಗ್ ಪೇಪರಿನಲ್ಲಿ ಹೋಯಿತು. ಈಗ ದೇವರು ಬೇಡವೆಂದ ಕಡೆಗೆ ಹೊರಡುವುದು ಹೇಗೆ?

ಮಧ್ಯಾಹ್ನ ಒಂದೂವರೆಗೆ ಆಫೀಸಿನಿಂದ ಹೊರಟು ಅವಳು ಅಜ್ಜಂಪುರದ ಬಸ್ಸು ಬಿಟ್ಟು ತರೀಕೆರೆಯ ಬಸ್ಸು ಹತ್ತಿದಳು. ಮಲ್ಲಿಕತ್ತೆಯ ಮಗಳು ಪ್ರಿಯಾಂಕಾ ಅದೇ ಶಿವಮೊಗ್ಗದ ಬ್ಯಾಚಿನಲ್ಲಿ ಓದಿ ಪಾಸಾದವಳು. ಅವಳ ನೋಟ್ಸು, ಕೆಂಪು ಇಂಕಿನ ಉತ್ತರಪತ್ರಿಕೆಗಳು ಎಲ್ಲ ಅತ್ತೆಯ ಮನೆಯ ಅಟ್ಟದ ಮೇಲಿದ್ದವು. ಅವನ್ನೊಮ್ಮೆ ಕಣ್ಣಾರೆ ನೋಡಿದರೆ ಮನಸ್ಸು ಒಂದು ಕಡೆ ವಾಲೀತು ಎಂದುಕೊಂಡಳು. ಬೀರೂರಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಕಿಟಕಿಯ ಪಕ್ಕ ಹೆಂಗಸೊಬ್ಬಳು ಕಡಲೆಕಾಯಿ ಮಾರುತ್ತ, ತಗೊಳ್ಳುತ್ತಾಳೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡುತ್ತಿದ್ದಳು. ಅಷ್ಟಕ್ಕೇ ಅಶ್ವಿನಿ ಕಸಿವಿಸಿಗೊಂಡು ಫೋನು ತೆಗೆದಳು. ತನ್ನಿಂದ ಏನನ್ನಾದರೂ ನಿರೀಕ್ಷಿಸುವವರನ್ನು ಎದುರಿಗೆ ನೋಡುವುದು ಈಚೆಗೆ ಅವಳಿಗೆ ಆಗುತ್ತಿರಲಿಲ್ಲ. ಫೋನಿನಲ್ಲಿ ಎರಡೂ ಕೋರ್ಸಿನವರ ಮೆಸೇಜು ಬಂದಿದ್ದವು. ಶಿವಮೊಗ್ಗದವರದು, ಹಾಸ್ಟೆಲ್ಲಿನಲ್ಲಿ ಒಂದೇ ಜಾಗ ಉಳಿದಿದೆ, ಐದರ ತನಕ ಹಿಡಿದಿಡುತ್ತೇವೆ ಎಂದು. ಮನೆಯ ಕೋರ್ಸಿನವರದು, ನಗುವ ಮುಖದ ಚಿತ್ರದ ಜೊತೆ, ನಿಮ್ಮ ಯಶಸ್ಸು ನಮ್ಮ ಹೊಣೆ ಎಂದು.

ಅತ್ತೆ ಅಟ್ಟದಿಂದ ಇಳಿಸಿದ ರಟ್ಟಿನ ಪೆಟ್ಟಿಗೆಯನ್ನು ನಡುಮನೆಯಲ್ಲಿ ಇಟ್ಟು, ತಾನು ಅಡಿಗೆಮನೆಯ ಬಾಗಿಲಲ್ಲಿ ಮಂಡಕ್ಕಿಗೆ ಈರುಳ್ಳಿ ಹೆಚ್ಚುತ್ತ ಕೂತಳು. ಅಶ್ವಿನಿ ಒಂದೊಂದೇ ಉತ್ತರಪತ್ರಿಕೆ ತೆಗೆದಳು. ಮೊದಲ ವಾರ ಪ್ರಿಯಾಂಕಾಗೆ ನೂರಕ್ಕೆ ಹತ್ತೊಂಬತ್ತು ಬಂದಿತ್ತು. ಪಕ್ಕದಲ್ಲಿ ಕೆಂಪಿನಲ್ಲಿ, 'ಪ್ರಶ್ನೆಯನ್ನೇ ಓದಿಲ್ಲ.' ಎರಡನೆಯ ವಾರ ಇಪ್ಪತ್ತಾರು. ಐದನೆಯದರಲ್ಲಿ ನಲವತ್ತನಾಲ್ಕು. ಹತ್ತೊಂಬತ್ತು ಎಂಬ ಅಂಕಿಯನ್ನು ನೋಡಿ ಅಶ್ವಿನಿಗೆ ಏನೋ ಹಗುರವಾಯಿತು. ಪಾಸಾದ ಪ್ರಿಯಾಂಕಾ ಎಂಬುವಳು ಹುಟ್ಟಿನಿಂದಲೇ ಪಾಸಾಗಿದ್ದವಳಲ್ಲ. ಯಾರೋ ಅವಳಿಗೆ ಎರಡು ತಿಂಗಳು ಬೈದಿದ್ದಾರೆ, ಅಷ್ಟೆ. ತನಗೆ ಇಷ್ಟು ವರ್ಷದಲ್ಲಿ ಯಾರೂ ಬೈದಿಲ್ಲ, ತನಗೆ ಬೇಕಾಗಿರುವುದು ಇದೇ ಎಂದು ಹೊಳೆದ ಕ್ಷಣದಲ್ಲಿಯೇ ಎಡಕ್ಕೆ ಬಿದ್ದ ಹೂವಿನ ನೆನಪಾಯಿತು.

"ಎಲ್ಲಾನೂ ತಗಂಡೋಗು, ಅವಳಿಗಿನ್ಯಾಕೆ ಬೇಕು ಅವು," ಅಂದಳು ಅತ್ತೆ. ಆಮೇಲೆ ಈಳಿಗೆಮಣೆಯ ಕಡೆಗೇ ನೋಡುತ್ತ, "ನೋಡು ಅಶ್ವಿ, ಬರಿ, ಬೇಡ ಅನ್ನಲ್ಲ. ಆಗ್ಲಿಲ್ಲ ಅಂದ್ರೆ ಮನಸ್ಸಿಗೆ ಹಚ್ಕಬೇಡ. ಅಣ್ಣನೂ ಯಾವತ್ತೋ ಮನಸ್ಸು ಗಟ್ಟಿ ಮಾಡ್ಕಂಡಿದಾನೆ," ಅಂದಳು.

"ಏನಕ್ಕೆ ಗಟ್ಟಿ ಮಾಡ್ಕಂಡಿದಾರೆ ಅತ್ತೆ?"

"ಅದೇ, ಎಡಕ್ಕೆ ಬಿತ್ತಲ್ಲ ಅವತ್ತು."

"ಎಡಕ್ಕೆ ಬಿದ್ರೆ ಮನೇಲಿ ಓದ್ಬೇಕು ಅಂತ ತಾನೆ?"

ಅತ್ತೆಯ ಕೈ ನಿಂತಿತು. ತಲೆಯೆತ್ತಿ ಅವಳನ್ನು ನೋಡಿದಳು. ಈರುಳ್ಳಿಯ ಖಾರಕ್ಕೆ ಅವಳ ಕಣ್ಣಲ್ಲಿ ನೀರಾಡುತ್ತಿತ್ತು. ಅದನ್ನು ಮೊಣಕೈಯಿಂದ ಒರೆಸಿಕೊಂಡು, "ನಿಂಗಿನ್ನೂ ಹೇಳಿಲ್ವೇನೇ ಅವನು?" ಅಂದಳು.

ಆಮೇಲೆ ಮುಚ್ಚಿಡಲು ನೋಡಿದಳು, ಆಗಲಿಲ್ಲ. ಅತ್ತೆ ಸುಳ್ಳು ಹೇಳಿ ದಕ್ಕಿಸಿಕೊಳ್ಳುವವಳಲ್ಲ. "ಯಾವ ಕೋರ್ಸು ಅಂತ ದೇವ್ರನ್ನ ಕೇಳಕ್ಕಾಗುತ್ತೇನೆ? ಇವಳಿಗೆ ಈ ವಿದ್ಯೆ ಹತ್ತುತ್ತೋ ಇಲ್ವೋ ಅಂತ ಕೇಳ್ಕಂಡ. ನಾನು ಪಕ್ಕದಲ್ಲೇ ಇದ್ನಲ್ಲ, ನಂಗೆ ಕೇಳಿಸ್ತು. ಎಡಕ್ಕೆ ಬಿತ್ತು. ನೀನು ಚಪ್ಪಲಿ ಮೆಟ್ಕಳಕ್ಕೆ ಹೋದಾಗ ಬೇವಿನ ಕಟ್ಟೆ ಹತ್ರ ಕಣ್ಣೊರೆಸ್ಕಂಡ ಕಣೇ. ಅಶ್ವಿಗೆ ಹೇಳ್ಬೇಡ, ಹುಡುಗಿ ಕುಸಿದೋಗ್ತಾಳೆ ಅಂತ ನನ್ ಕೈಲಿ ಆಣೆ ಹಾಕಿಸ್ಕಂಡ. ನಾನು ಹಾಳಾದೋಳು ಬಾಯ್ಬಿಟ್ಟೆ."

"ಅಮ್ಮಂಗೆ ಗೊತ್ತಾ?"

"ಗೊತ್ತಿಲ್ದೆ ಏನು."

ಅಶ್ವಿನಿ ಕಾಗದಗಳನ್ನು ಪೆಟ್ಟಿಗೆಗೆ ತುಂಬಿದಳು, ಒಂದರ ಮೇಲೊಂದು ಅಂಚು ಸರಿಮಾಡಿ. ಮಂಡಕ್ಕಿ ತಿನ್ನು ಎಂದು ಅತ್ತೆ ತಟ್ಟೆ ಮುಂದಿಟ್ಟಾಗ ತಿಂದಳು ಕೂಡ, ಪೂರಾ ತಿಂದಳು. ತಿನ್ನದೆ ಎದ್ದರೆ ಅತ್ತೆ ಅಣ್ಣನಿಗೆ ಫೋನು ಮಾಡಿಬಿಡುತ್ತಾಳೆ, ತನಗಿಂತ ಮುಂಚೆ ಸುದ್ದಿ ತಲುಪಬಾರದು ಎಂದು ಲೆಕ್ಕ ಹಾಕುವಷ್ಟು ಅವಳ ತಲೆ ತಣ್ಣಗಿತ್ತು. ಹೊರಡುವಾಗ, "ಅತ್ತೆ, ಅಪ್ಪಾಜಿಗೆ ಫೋನ್ ಮಾಡ್ಬೇಡಿ, ಪ್ರಿಯಾಂಕಾ ಮೇಲಾಣೆ," ಅಂದಳು. ಮಲ್ಲಿಕತ್ತೆ ಪಾಪ, ಎಷ್ಟು ಆಣೆಗಳನ್ನು ಹೊತ್ತುಕೊಳ್ಳಬೇಕೋ.

ಅಜ್ಜಂಪುರದ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಎಂಟು ತಿಂಗಳು ಒಂದೊಂದಾಗಿ ತಿರುಗಿ ಬಂದವು, ಪ್ರತಿಯೊಂದೂ ಬೇರೆ ಮುಖ ಹಾಕಿಕೊಂಡು. ಯುಗಾದಿ ಆದ ಮೇಲೆ ಅವಳ ಕೋಣೆಗೆ ಹೊಸ ಮೇಜು ಬಂತು. ಕರೆಂಟು ಹೋದರೆ ತೊಂದರೆಯಾಗುತ್ತದೆ ಎಂದು ಮನೆಗೆ ಇನ್ವರ್ಟರು ಬಂತು. ಅಮ್ಮ ಬೆಳಗ್ಗೆ ನೆನೆಸಿದ ಬಾದಾಮಿ ಸಿಪ್ಪೆ ತೆಗೆದು ತಂದಿಡುತ್ತಿದ್ದಳು. ಟೀವಿಯ ಶಬ್ದ ಇಳಿಯಿತು, ನೆಂಟರು ಬಂದರೆ ಜಗಲಿಯಲ್ಲೇ ಮಾತಾಡಿಸಿ ಕಳಿಸುತ್ತಿದ್ದರು. ಗಂಡಿನ ವಿಷಯ ತೆಗೆದವರಿಗೆ "ಓದ್ತಾ ಇದಾಳೆ" ಎಂದು ಅಪ್ಪ ಹೇಳುವುದು ಗೋಡೆಯಾಚೆ ಕೇಳುತ್ತಿತ್ತು. ನನ್ನನ್ನು ಕಾಯುತ್ತಿದ್ದಾರೆ ಎಂದುಕೊಂಡು ಅವಳು ಪೆನ್ನನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಸಾಯುವವರಿಗೆ ಮಾಡುವ ಉಪಚಾರವನ್ನು ಮಾಡಿದ್ದರು. ಕೇಳಿದ್ದನ್ನು ಕೊಟ್ಟರು, ಎದುರಾಡಲಿಲ್ಲ, ಏನು ಬೇಕೋ ತಿನ್ನಲಿ ಎಂದು ಬಿಟ್ಟರು. ಯಾವುದಾದರೂ ಆಗುತ್ತೆ. ಹೌದಲ್ಲ, ಯಾವುದಾದರೂ ಒಂದೇ. ಬೀಳುವುದೇ ಖಾತ್ರಿಯಾದವಳು ಯಾವ ಮೆಟ್ಟಿಲಿನಿಂದ ಬಿದ್ದರೇನು. ಆ ಮಾತನ್ನು ತಾನು ಊರೆಲ್ಲ ಹೇಳಿಕೊಂಡು ತಿರುಗಿದ್ದು ನೆನಪಾಗಿ, ಹೇಮಂತನಿಗೂ ಹೇಳಿದ್ದು ನೆನಪಾಗಿ ಅವಳ ಕಿವಿ ಬಿಸಿಯಾಯಿತು. ಸೆಪ್ಟೆಂಬರಿನ ರಿಸಲ್ಟು ಬಂದ ದಿನ ಅವಳು ಲ್ಯಾಪ್‌ಟಾಪಿನ ಮುಂದಿನಿಂದ ಬರಿದೇ ಎದ್ದಿದ್ದಳು, ಅಷ್ಟೆ. ಅತ್ತಿರಲಿಲ್ಲ, ಬಾಯಿ ಬಿಟ್ಟಿರಲಿಲ್ಲ, ಅಪ್ಪ ಬಾಗಿಲಿನಿಂದಲೇ "ಹೋಗ್ಲಿ ಬಿಡು ಮಗಳೇ" ಅಂದಿದ್ದರು. ಎಷ್ಟು ಬಂತು ಎಂದು ಕೇಳಲಿಲ್ಲ. ನನ್ನ ಮುಖ ನೋಡಿಯೇ ತಿಳಿದುಕೊಂಡರು ಎಂದು ಅವತ್ತು ಅವರ ಮೇಲೆ ಪ್ರೀತಿ ಉಕ್ಕಿಬಂದಿತ್ತು. ಅವರು ಮುಖ ನೋಡಿರಲಿಲ್ಲ. ಯುಗಾದಿಗೆ ಮೊದಲೇ ಸಿದ್ಧವಾಗಿದ್ದ ಮಾತನ್ನು ಹೊರಗೆ ತೆಗೆದಿದ್ದರು.

ಇನ್ನೂ ಕೆಟ್ಟದ್ದೆಂದರೆ ಅವಳಿಗೆ ಹೆದರಿಕೆಯಾಗುತ್ತಿತ್ತು. ಮೋಸ ಮಾಡಿದರು ಎಂದು ಮನಸ್ಸು ಕೂಗುತ್ತಿದ್ದರೂ ಅದರ ಅಡಿಯಲ್ಲಿ ಇನ್ನೊಂದು ಸಣ್ಣ ದನಿ, ದೇವರು ಹೇಳಿದ್ದು ನಿಜವೇ ಆಯಿತಲ್ಲ, ಎರಡು ಸಲವೂ ಆಯಿತಲ್ಲ ಅನ್ನುತ್ತಿತ್ತು. ಮೇ ತಿಂಗಳಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಬೆರಳು ಹಿಡಿದುಕೊಂಡ ಹಾಗಾಗಿತ್ತು. ಅದು ಹೂವೋ ತನ್ನ ಸೋಮಾರಿತನವೋ? ದಿನಕ್ಕೆ ಎಂಟು ಗಂಟೆ ಓದುತ್ತೇನೆ ಎಂದು ಹೇಳಿ ಐದು ಗಂಟೆ ಓದಿದವಳು ತಾನೇ ಅಲ್ಲವೇ. ಬಾದಾಮಿ ತಿಂದು, ಲೆಕ್ಚರನ್ನು ಓಡಲು ಬಿಟ್ಟು, ಕಿಟಕಿಯಾಚೆ ನೋಡುತ್ತ ಕೂತದ್ದು ಎಷ್ಟು ಮಧ್ಯಾಹ್ನ? ಅಪ್ಪನಿಗೆ ಮುಚ್ಚಿಟ್ಟದ್ದು ತಾನೂ ಅಲ್ಲವೇ? ಆದರೆ ತಾನು ಮುಚ್ಚಿಟ್ಟದ್ದು ತನ್ನ ಆಲಸ್ಯ, ಅವರು ಮುಚ್ಚಿಟ್ಟದ್ದು ತನ್ನ ಮೇಲಿನ ತೀರ್ಪು. ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ಅವಳಿಗೆ ಮನಸ್ಸು ಬರಲಿಲ್ಲ. ಎಲ್ಲಕ್ಕಿಂತ ಸುಡುತ್ತಿದ್ದದ್ದು ಗುಡಿಯ ಹೊರಗೆ ಅವರ ತೋಳು ಹಿಡಿದದ್ದು. ನನ್ನ ಶಿಕ್ಷೆಗೆ ಅವರನ್ನು ನಾನೇ ಸಮಾಧಾನ ಮಾಡಿದೆ, ಅವರು ಮಾಡಿಸಿಕೊಂಡರು.

ಬಸ್ಸಿಳಿದಾಗ ನಾಲ್ಕೂ ಇಪ್ಪತ್ತು. ಮನೆಗೆ ಹೋಗದೆ ನೇರ ಮಂಡಿಗೆ ನಡೆದಳು. ಸುಗ್ಗಿಯ ಕೊನೆ, ಎದುರಿಗೆ ಒಂದು ಲಾರಿ ಅರ್ಧ ತುಂಬಿ ನಿಂತಿತ್ತು. ಹಮಾಲರು ಟೀಗೆ ಹೋಗಿದ್ದರು. ಅಪ್ಪ ಗದ್ದಿಗೆಯ ಮೇಲೆ ಕೂತು ಮೂಟೆಯಿಂದ ತೆಗೆದ ಒಂದು ಈರುಳ್ಳಿಯ ಸಿಪ್ಪೆಯನ್ನು ಉಗುರಿನಿಂದ ಬಿಡಿಸುತ್ತಿದ್ದರು. ಅವಳನ್ನು ಕಂಡು ಮುಖ ಅರಳಿತು. ಅದು ನಿಜವಾದ ಅರಳುವಿಕೆ, ಅದರಲ್ಲಿ ಕಪಟವಿರಲಿಲ್ಲ, ಮತ್ತು ಅದನ್ನೇ ಅವಳಿಂದ ತಡೆಯಲಾಗಲಿಲ್ಲ.

"ಏನಮ್ಮ ಇಲ್ಲಿಗೇ ಬಂದ್ಬಿಟ್ಟೆ? ಏನದು ಪೆಟ್ಟಿಗೆ? ಕೂತ್ಕ, ಟೀ ತರಿಸ್ತೀನಿ."

"ಅಪ್ಪಾಜಿ, ಅವತ್ತು ಗುಡೀಲಿ ಏನು ಕೇಳ್ಕಂಡ್ರಿ?"

ಅವರು ಈರುಳ್ಳಿಯನ್ನು ಕೆಳಗಿಟ್ಟರು. ಮಲ್ಲಿಕ ಹೇಳಿದಳಾ ಎಂದು ಕೇಳಲಿಲ್ಲ. ಲಾರಿಯ ಚಕ್ರದ ಕಡೆ ನೋಡುತ್ತ, "ಕೋರ್ಸು ಯಾವ್ದು ಅಂತಲೇ ಕೇಳಬೇಕು ಅಂತ ಹೋಗಿದ್ದು ಕಣಮ್ಮ. ಅಲ್ಲಿ ನಿಂತ ಮೇಲೆ ಬಾಯಿಗೆ ಅದೇ ಬಂತು. ಕೋರ್ಸು ಯಾವುದಾದ್ರೇನು, ಅಸಲು ವಿಷಯಾನೇ ಕೇಳ್ಬಿಡಣ ಅನ್ನಿಸ್ತು," ಅಂದರು.

"ನಂಗ್ಯಾಕೆ ಹೇಳ್ಲಿಲ್ಲ?"

"ಹೆಂಗೆ ಹೇಳ್ಲಿ? ನೀನು ಆಸೆ ಇಟ್ಕಂಡಿದ್ದೆ."

"ಮತ್ತೆ ಕೋರ್ಸ್ ಯಾಕೆ ಕೊಡ್ಸಿದ್ರಿ? ಮೇಜ್ಯಾಕೆ ತಂದ್ರಿ?"

"ನೀನು ಕೇಳಿದ್ದೆ ಅಂತ." ಅವರಿಗೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ ಅನ್ನುವ ಹಾಗೆ ಅವಳನ್ನು ನೋಡಿದರು. "ಕೇಳಿದ್ದನ್ನ ಇಲ್ಲ ಅಂತ ಯಾವತ್ತು ಅಂದಿದೀನಿ ನಿಂಗೆ?"

ಅಂದಿರಲಿಲ್ಲ, ನಿಜ. ಅಂದಿದ್ದರೆ ಚೆನ್ನಾಗಿತ್ತು ಎಂದು ಹೇಳಬೇಕೆನ್ನಿಸಿತು. ಬೀದಿಯ ಜನ ನೋಡುತ್ತಿರಬಹುದು ಎಂದು ಅವಳು ಒಳಗೆ ಹೋಗಿ ಮೂಟೆಯೊಂದರ ಮೇಲೆ ಕೂತಳು. ಅಪ್ಪ ಗದ್ದಿಗೆಯಿಂದ ಇಳಿದು ಬಂದು ಎದುರಿನ ಮೂಟೆಯ ಮೇಲೆ ಕೂತರು. ಎಷ್ಟೋ ವರ್ಷದಿಂದ ಹೀಗೆ ಎದುರುಬದುರು ಕೂತಿರಲಿಲ್ಲ. ಅವರ ಕತ್ತಿನ ಲಿಂಗದ ದಾರ ಬೆವರಿಗೆ ಕಪ್ಪಾಗಿತ್ತು.

"ನಾನು ಈ ಸಲ ಪಾಸಾದ್ರೆ?" ಅಂದಳು.

"ಆಗು. ಬೇಡ ಅಂದೋರ್ಯಾರು."

"ಆದ್ರೆ ಏನ್ಮಾಡ್ತೀರಿ? ಆ ಹೂವು?"

ಸುಮ್ಮನೆ ಕೇಳಿದ್ದು ಅವಳು, ನೋಯಿಸಲಿಕ್ಕೆ. ಅಪ್ಪ ಅದನ್ನು ನಿಜವಾದ ಪ್ರಶ್ನೆಯೆಂದೇ ತೆಗೆದುಕೊಂಡರು. ಮೊಣಕಾಲ ಮೇಲೆ ಕೈಯೂರಿ ಯೋಚಿಸಿದರು, ದರ ಹೇಳುವ ಮುಂಚೆ ಯೋಚಿಸುವಷ್ಟು ಹೊತ್ತು. ಅವರು ಯೋಚಿಸುತ್ತಿರುವುದನ್ನು ನೋಡನೋಡುತ್ತ ಅಶ್ವಿನಿಗೆ ಉತ್ತರ ತಿಳಿದುಹೋಯಿತು. 'ಅಯ್ಯೋ ಹುಚ್ಚಿ, ನೀನು ಪಾಸಾದರೆ ಹೂ ಹಾಳಾಗಿ ಹೋಗಲಿ' ಎಂಬ ಮಾತಿಗೆ ಇಷ್ಟು ಹೊತ್ತು ಬೇಕಾಗಿರಲಿಲ್ಲ.

"ನಲವತ್ತು ವರ್ಷ ಆಯ್ತು ಅಶ್ವಿ," 'ಕಣಮ್ಮ' ಬಿಟ್ಟು ಹೆಸರು ಹಿಡಿದು ಅಂದರು. "ಆ ದೇವ್ರನ್ನ ಕೇಳ್ದೆ ನಾನು ಒಂದು ಲಾರಿ ಲೋಡ್ ಮಾಡ್ಸಿಲ್ಲ. ನಿಮ್ಮಮ್ಮನ್ನ ಮಾಡ್ಕಳೋವಾಗ ಕೇಳಿದ್ದೆ, ನೀನು ಹೊಟ್ಟೇಲಿದ್ದಾಗ ಡಾಕ್ಟ್ರು ಕೈಬಿಟ್ಟಾಗ ಕೇಳಿದ್ದೆ. ಒಂದು ಸಲಾನೂ ತಪ್ಪಿಲ್ಲ. ಅದು ಸುಳ್ಳಾಗೋಯ್ತು ಅಂದ್ರೆ ನಾನು ಇನ್ಯಾರನ್ನ ಕೇಳ್ಲಿ ಹೇಳು."

ಅವಳು ಬೀಳಲಿ ಎಂದು ಅವರು ಯಾವತ್ತೂ ಬೇಡಿಕೊಂಡಿರಲಾರರು. ಆದರೆ ಪರೀಕ್ಷೆಯ ದಿನ ಶಿವಮೊಗ್ಗದ ಸೆಂಟರಿನ ಗೇಟಿನ ಹೊರಗೆ ಬಿಸಿಲಿನಲ್ಲಿ ಮೂರು ಗಂಟೆ ನಿಂತಿದ್ದರಲ್ಲ, ಆಗ ಮನಸ್ಸಿನ ಯಾವುದೋ ಮೂಲೆಯಲ್ಲಿ, ಅವರಿಗೇ ತಿಳಿಯದ ಹಾಗೆ, ಆ ದೇವರು, ಮಗಳು ಇವರಿಬ್ಬರಲ್ಲಿ ಒಬ್ಬರೇ ಗೆಲ್ಲಬಹುದು ಎಂದು ಗೊತ್ತಿತ್ತು. ಗೆಲ್ಲಬೇಕಾದವಳು ಅವಳಾಗಿರಲಿಲ್ಲ. ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು, ಕೂಗಾಡಬಹುದಿತ್ತು. ಬಂದದ್ದು ಸಿಟ್ಟಲ್ಲ. ಮನೆಯಲ್ಲಿ ತನಗೆಂದು ಇದ್ದ ಒಂದು ಕೋಣೆಯ ಬಾಗಿಲು ತೆರೆದು ನೋಡಿದರೆ ಅಲ್ಲಿ ಬೇರೆ ಯಾರೋ ಬಹಳ ಕಾಲದಿಂದ ವಾಸವಾಗಿದ್ದಾರೆ ಎಂದು ತಿಳಿದ ಹಾಗಾಯಿತು.

ನಾಲ್ಕೂ ನಲವತ್ತು ಆಗಿತ್ತು. ಅವಳು ಫೋನು ತೆಗೆದು ಶಿವಮೊಗ್ಗದ ಫಾರಂ ತುಂಬತೊಡಗಿದಳು. ಹೆಸರು, ರಿಜಿಸ್ಟ್ರೇಷನ್ ನಂಬರು, ಯಾವ ಗ್ರೂಪು, ಎಷ್ಟನೆಯ ಸಲ. ಐದನೆಯ ಸಲ ಎಂದು ಒತ್ತಿದಳು. ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಪೋಷಕರ ಒಪ್ಪಿಗೆ ಬೇಕು ಎಂದಿತ್ತು. ಅವರ ಮೊಬೈಲಿಗೆ ಆರು ಅಂಕಿಯ ಒಂದು ಸಂಖ್ಯೆ ಬರುತ್ತದೆ, ಅದನ್ನು ಇಲ್ಲಿ ತುಂಬಬೇಕು. ಅಪ್ಪನ ನಂಬರು ಹಾಕಿದಳು. ಗದ್ದಿಗೆಯ ಮೇಲೆ ಅವರ ಫೋನು ಒಮ್ಮೆ ಗುಂಯ್‌ಗುಟ್ಟಿತು.

"ನಿಮ್ಮ ಫೋನಿಗೆ ಒಂದು ನಂಬರ್ ಬಂದಿರುತ್ತೆ. ಓದಿ."

"ಶಿವಮೊಗ್ಗಾನಾ?"

"ಹೂಂ."

ಅಪ್ಪ ಬೇಡವೆನ್ನಲಿಲ್ಲ. ಎದ್ದು ಹೋಗಿ ಫೋನು ತಂದು, ಅದೇ ಮೂಟೆಯ ಮೇಲೆ ಕೂತು, ಕೈಯನ್ನು ದೂರಕ್ಕೂ ಹತ್ತಿರಕ್ಕೂ ಆಡಿಸಿ ಕಣ್ಣು ಕಿರಿದು ಮಾಡಿದರು. ಕನ್ನಡಕ ಎಲ್ಲಿ ಎಂದು ಅವಳು ಕೇಳಲಿಲ್ಲ. "ನಾಕು," ಅಂದರು. ಒತ್ತಿದಳು. "ಏಳು. ಏಳು. ಒಂದು." ಒತ್ತಿದಳು. "ಸೊನ್ನೆ." ಚಿಕ್ಕಂದಿನಲ್ಲಿ ಮಗ್ಗಿ ಒಪ್ಪಿಸುವಾಗ ತಪ್ಪಿದರೆ ಮುಂದಿನ ಅಂಕಿಯನ್ನು ಇದೇ ದನಿಯಲ್ಲಿ ಹೇಳಿಕೊಡುತ್ತಿದ್ದರು. ಆರನೆಯದಕ್ಕೆ ಫೋನನ್ನು ಮುಖದ ಹತ್ತಿರಕ್ಕೆ ತಂದು, ಬೆಳಕಿನ ಕಡೆ ತಿರುಗಿಸಿ, ಸ್ವಲ್ಪ ತಡೆದು, "ಮೂರು," ಅಂದರು.

ಅವಳ ಹೆಬ್ಬೆರಳು ಮೂರರ ಮೇಲೆ ಹೋಗಿ ನಿಂತಿತು. ಆಫೀಸಿನಲ್ಲಿ ದಿನವೂ ಎಷ್ಟೋ ಜನ ಅಂಕಿಗಳನ್ನು ಓದಿ ಹೇಳುತ್ತಾರೆ, ಮೂಲ ಕಾಗದ ಕೈಗೆ ಬಾರದೆ ಅವಳು ಒಂದನ್ನೂ ಬರೆದುಕೊಳ್ಳುವುದಿಲ್ಲ. ಇವರು ಅಪ್ಪ. ಅವಳು ಎಡಗೈಯನ್ನು ಮುಂದೆ ಚಾಚಿದಳು.

"ಕೊಡಿ ಇಲ್ಲಿ. ನಾನೇ ನೋಡ್ತೀನಿ."

ಅಪ್ಪ ಅವಳ ಚಾಚಿದ ಕೈಯನ್ನು ನೋಡಿದರು. ಫೋನನ್ನು ಕೊಟ್ಟರು. ಅವಳು ನೋಡಿದಳು, ತನ್ನ ಫೋನಿನಲ್ಲಿ ಕೊನೆಯ ಅಂಕಿಯನ್ನು ಒತ್ತಿದಳು, ಅವರದನ್ನು ವಾಪಸ್ಸು ಕೊಟ್ಟಳು.

"ಮೂರೇ ಇತ್ತಾ?" ಕೇಳಿದರು ಅಪ್ಪ.

"ಮೂರೇ ಇತ್ತು," ಅಂದಳು.